ಕಾನ್ವೆಂಟ್ ಗೇಟಿನಿಂದ ಸ್ಟುಡಿಯೋ ಗೇಟಿಗೆ...!

ಕನ್ನಡ ಚಿತ್ರರಸಿಕರಿಗೆ ‘ಕಾನ್ವೆಂಟ್ ಹುಡುಗಿ’ ಅಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೇ ರೀಲಿನಲ್ಲಿ ಕಾರಿನಿಂದ ಇಳಿಯುತ್ತಾಳೆ, ಇಂಗ್ಲಿಷಿನಲ್ಲಿ ಬೈಯುತ್ತಾಳೆ, ಇಂಟರ್‌ವಲ್ ಹೊತ್ತಿಗೆ ಪಂಚೆ ಉಟ್ಟ ನಮ್ಮ ಹೀರೋ ಕೈಲಿ ಸರಿಯಾಗಿ ಪಾಠ ಕಲಿಯುತ್ತಾಳೆ, ಕೊನೇ ರೀಲಿನಲ್ಲಿ ಸೀರೆ ಉಟ್ಟು ತುಳಸಿಕಟ್ಟೆ ಸುತ್ತುತ್ತಾಳೆ! ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ. ಶಿಳ್ಳೆ ಹೊಡೆದವರಲ್ಲಿ ಈ ಲೇಖಕನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಮಿತ್ರರೇ, ಒಂದು ಪ್ರಶ್ನೆ. ತೆರೆಯ ಮೇಲಿನ ಈ ಹುಡುಗಿಯನ್ನು ಬಿಡಿ. ನಿಜವಾಗಿಯೂ ಸಿಸ್ಟರುಗಳ, ಫಾದರುಗಳ ಶಾಲೆಯಲ್ಲಿ ಓದಿ ಬಂದು ನಮ್ಮನ್ನು ನಗಿಸಿದ, ಅಳಿಸಿದ ತಾರೆಯರು ಯಾರು? ಆ ಎತ್ತರದ ಕಾಂಪೌಂಡಿನ ಒಳಗೆ ಅವರಿಗೆ ಸಿಕ್ಕಿದ್ದೇನು? ಅಲ್ಲಿಂದ ಹೊರಬರುವಾಗ ಬಿಟ್ಟು ಬಂದದ್ದೇನು?

ನಾನು ಇದನ್ನು ಬರೆಯುತ್ತಿರುವುದು ತರೀಕೆರೆಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಅಮೃತಾಪುರದಲ್ಲಿ ಕೂತು. ಓದಿದ್ದು ಪಿಯುಸಿವರೆಗೆ, ಅದೂ ಪೂರ್ತಿ ಅಲ್ಲ. ನಮ್ಮ ಕಡೆ ಹುಡುಗರಿಗೆ ‘ಕಾನ್ವೆಂಟು’ ಅಂದರೆ ಬೆಳಿಗ್ಗೆ ಧೂಳೆಬ್ಬಿಸಿಕೊಂಡು ಹೋಗುವ ಹಳದಿ ವ್ಯಾನು. ಅದರ ಕಿಟಕಿಯಲ್ಲಿ ಟೈ ಕಟ್ಟಿದ ನಾಲ್ಕು ಮುಖ. ಅವರ ಲೋಕ ಬೇರೆ, ನಮ್ಮ ಲೋಕ ಬೇರೆ ಅಂತಲೇ ಬೆಳೆದವರು ನಾವು. ಈ ಲೇಖನಕ್ಕಾಗಿ ಓದುತ್ತಾ, ಕೇಳುತ್ತಾ ಹೋದಾಗ ಗೊತ್ತಾದ ಸಂಗತಿಯೇ ಬೇರೆ. ನಮ್ಮ ಮೆಚ್ಚಿನ ತಾರೆಯರಲ್ಲಿ ಎಷ್ಟೋ ಮಂದಿ ಓದನ್ನು ಅರ್ಧಕ್ಕೆ ಬಿಟ್ಟು ಎದ್ದು ಬಂದವರೇ! ನನ್ನ ಹಾಗೆ, ನಿಮ್ಮಲ್ಲಿ ಕೆಲವರ ಹಾಗೆ.

ಪೊಲೀಸರ ಮಗಳು, ಸಿಸ್ಟರುಗಳ ಶಿಷ್ಯೆ

ಮೊದಲು ‘ಅಭಿನಯ ಸರಸ್ವತಿ’ಗೆ ನಮಸ್ಕಾರ. ಬಿ. ಸರೋಜಾದೇವಿ ಹುಟ್ಟಿದ್ದು 1938ರ ಜನವರಿ 7ರಂದು. ತಂದೆ ಭೈರಪ್ಪ ಪೊಲೀಸ್ ಇಲಾಖೆಯವರು, ತಾಯಿ ರುದ್ರಮ್ಮ. ಮೂಲ ಚನ್ನಪಟ್ಟಣದ ಕಡೆಯ ದಶವಾರ. ಓದಿದ್ದು ಬೆಂಗಳೂರಿನ ಸೇಂಟ್ ತೆರೇಸಾ ಶಾಲೆಯಲ್ಲಿ. ಒಕ್ಕಲಿಗರ ಮನೆಯ ಹುಡುಗಿ, ಮನೆಯಲ್ಲಿ ಅಚ್ಚ ಕನ್ನಡ, ಶಾಲೆಯಲ್ಲಿ ಬಿಳಿ ಉಡುಪಿನ ಸಿಸ್ಟರುಗಳು. ಹೇಗಿದ್ದಿರಬೇಕು ಊಹಿಸಿಕೊಳ್ಳಿ.

ಹುಡುಗಿ ಹಾಡುತ್ತಿದ್ದಳು. ಹದಿಮೂರರ ವಯಸ್ಸಿನಲ್ಲಿ ಒಂದು ಸಮಾರಂಭದಲ್ಲಿ ಹಾಡುವಾಗಲೇ ಚಿತ್ರರಂಗದವರ ಕಣ್ಣು ಬಿತ್ತು. ಆಗ ‘ಒಲ್ಲೆ’ ಅಂದಳು! ನಾಲ್ಕು ವರ್ಷದ ಮೇಲೆ ಹೊನ್ನಪ್ಪ ಭಾಗವತರ್ ಬಂದರು. ‘ಮಹಾಕವಿ ಕಾಳಿದಾಸ’ (1955) ತಯಾರಾಯಿತು. ರಾಷ್ಟ್ರಪ್ರಶಸ್ತಿಯ ಗೌರವವೂ ಆ ಚಿತ್ರಕ್ಕೆ ಬಂತು. ಶಾಲೆಯ ಬೆಂಚು ಹಿಂದೆ ಉಳಿಯಿತು.

ಇಲ್ಲಿ ಅಪ್ಪನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಸಿನಿಮಾ ಅಂದರೆ ಮಗಳನ್ನು ಕೋಣೆಯಲ್ಲಿ ಕೂಡಿಹಾಕುವ ಕಾಲ ಅದು. ಭೈರಪ್ಪನವರು ಮಗಳ ಜೊತೆ ಸ್ಟುಡಿಯೋಕ್ಕೆ ಹೋಗುತ್ತಿದ್ದರು, ತಾವೇ ಕೂತು ಗೆಜ್ಜೆ ಕಟ್ಟುತ್ತಿದ್ದರು, ಕುಣಿದು ಊದಿದ ಪಾದಗಳನ್ನು ತಾವೇ ನೀವುತ್ತಿದ್ದರು. ಪೊಲೀಸ್ ಕೈ ಸ್ವಾಮಿ ಅದು! ಅಮ್ಮನದು ಬೇರೆ ಕಾನೂನು. ಈಜುಡುಗೆ ಕೂಡದು, ತೋಳಿಲ್ಲದ ರವಿಕೆ ಕೂಡದು. ಎಂ.ಜಿ.ಆರ್., ಶಿವಾಜಿ, ದಿಲೀಪ್ ಕುಮಾರ್ ಅಂಥವರ ಜೊತೆ ನಟಿಸಿದ ತಾರೆ ಆ ಮಾತನ್ನು ಕಡೇವರೆಗೂ ಮೀರಲಿಲ್ಲ. ಸಿಸ್ಟರುಗಳ ಶಿಸ್ತೋ ಅಮ್ಮನ ಶಿಸ್ತೋ, ಎರಡೂ ಒಂದೇ ಕಡೆ ಎಳೆದಿರಬೇಕು ಎಂಬುದು ನನ್ನ ಊಹೆ.

1958ರಲ್ಲಿ ‘ನಾಡೋಡಿ ಮನ್ನನ್’ ಬಂದ ಮೇಲೆ ತಮಿಳುನಾಡೇ ಮರುಳಾಯಿತು. ‘ಕನ್ನಡದ ಗಿಳಿ’ ಅಂತ ಬಿರುದು ಕೊಟ್ಟಿತು. ಇತ್ತ ನಮಗೆ 1961ರಲ್ಲಿ ‘ಕಿತ್ತೂರು ಚೆನ್ನಮ್ಮ’. 1964ರಲ್ಲಿ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, ಕನ್ನಡದ ಮೊದಲ ಪೂರ್ಣ ವರ್ಣಚಿತ್ರ! ನಮ್ಮೂರಿನ ಅಮೃತೇಶ್ವರ ದೇವಸ್ಥಾನದ ಕಲ್ಲಿನ ಮುಂದೆ ಆಡಿ ಬೆಳೆದ ನನ್ನಂಥವರಿಗೆ ಆ ಚಿತ್ರದ ಮೇಲೆ ಸ್ವಲ್ಪ ಹೆಚ್ಚೇ ಅಭಿಮಾನ. (ಜಕಣಾಚಾರಿ ಕಥೆಯಲ್ಲಿ ಬರುವ ಶಿಲ್ಪಿ. ನಮ್ಮ ಗುಡಿಯಲ್ಲಿ ಉಳಿ ಹಿಡಿದ ರೂವಾರಿ ಮಲ್ಲಿತಮ್ಮ ಮಾತ್ರ ನಿಜವಾದ ಮನುಷ್ಯ. ಅವನ ಬಗ್ಗೆ ಯಾರಾದರೂ ಒಂದು ಪಿಕ್ಚರ್ ತೆಗೆಯಬಾರದೇ?)

2025ರ ಜುಲೈ 14ರಂದು, 87ರ ವಯಸ್ಸಿನಲ್ಲಿ, ಸರೋಜಮ್ಮ ಹೋದರು. ಕಣ್ಣುಗಳನ್ನು ದಾನ ಮಾಡಿದ್ದರು. ಅಂತ್ಯಕ್ರಿಯೆ ನಡೆದದ್ದು ಅದೇ ದಶವಾರದಲ್ಲಿ. ಎರಡು ತಿಂಗಳಿಗೆ ಸರ್ಕಾರ ಮರಣೋತ್ತರ ‘ಕರ್ನಾಟಕ ರತ್ನ’ ಘೋಷಿಸಿತು. ಬದುಕಿದ್ದಾಗಲೇ ಕೊಡಬಹುದಿತ್ತು, ಅಲ್ಲವೇ?

ಅಮ್ಮನಿಗಾಗಿ ಕಾದ ಪ್ರಬಂಧ

ಇನ್ನೊಬ್ಬರ ಕಥೆ ಹೇಳುತ್ತೇನೆ. ಕೇಳಿದರೆ ಎಂಥ ಕಲ್ಲು ಮನಸ್ಸಿನವನೂ ಒಂದು ಗಳಿಗೆ ಸುಮ್ಮನಾಗುತ್ತಾನೆ.

1948ರ ಫೆಬ್ರವರಿ 24ರಂದು ಮೇಲುಕೋಟೆಯಲ್ಲಿ ಹುಟ್ಟಿದ ಹುಡುಗಿ ಜಯಲಲಿತಾ. ಎರಡು ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲ. ತಾಯಿ ವೇದವಲ್ಲಿ ಮದ್ರಾಸಿಗೆ ಹೋಗಿ ‘ಸಂಧ್ಯಾ’ ಎಂಬ ಹೆಸರಿನಲ್ಲಿ ನಟಿಯಾದರು. ಮಗು ಅಜ್ಜ ಅಜ್ಜಿಯ ಆಸರೆಯಲ್ಲಿ ನಮ್ಮ ನಾಡಿನಲ್ಲೇ ಉಳಿಯಿತು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಸ್ವಲ್ಪ ಕಾಲ ಓದು. (ಅದು ಕ್ಯಾಥೊಲಿಕರದ್ದಲ್ಲ, ಆಂಗ್ಲಿಕನ್ ಪಂಗಡದ್ದು.) 1958ರಲ್ಲಿ ಮದ್ರಾಸಿಗೆ ಅಮ್ಮನ ಬಳಿ ಹೋದಾಗ ಸೇರಿದ್ದು ಚರ್ಚ್ ಪಾರ್ಕಿನ ಸೇಕ್ರೆಡ್ ಹಾರ್ಟ್ ಶಾಲೆ. ಪ್ರೆಸೆಂಟೇಷನ್ ಸಿಸ್ಟರುಗಳದ್ದು. ಮದ್ರಾಸಿನ ದೊಡ್ಡ ಮನೆಯ ಹೆಣ್ಣುಮಕ್ಕಳು ಕಾರಿನಲ್ಲಿ ಬಂದಿಳಿಯುವ ಜಾಗ.

ಹುಡುಗಿ ಓದಿನಲ್ಲಿ ಬಲು ಜಾಣೆ. ಇಂಗ್ಲಿಷ್ ಅಂದರೆ ಪ್ರಾಣ. ಒಮ್ಮೆ ಅಮ್ಮನ ಬಗ್ಗೆಯೇ ಒಂದು ಪ್ರಬಂಧ ಬರೆದಳು, ಬಹುಮಾನ ಬಂತು. ಓಡಿ ಬಂದು ತೋರಿಸೋಣ ಅಂದರೆ ಅಮ್ಮ ಮನೆಯಲ್ಲಿ ಎಲ್ಲಿ? ಶೂಟಿಂಗ್! ಹುಡುಗಿ ಏಳುವ ಮುಂಚೆ ಹೋಗುವ ಅಮ್ಮ, ಮಲಗಿದ ಮೇಲೆ ಬರುವ ಅಮ್ಮ. ಪುಸ್ತಕವನ್ನು ಎದೆಗೆ ಅವಚಿಕೊಂಡು ರಾತ್ರಿ ಕಾದು ಕಾದು ಹಾಗೇ ನಿದ್ದೆ ಹೋದದ್ದನ್ನು ಮುಂದೆ ದೊಡ್ಡವರಾದ ಮೇಲೆ ಸಂದರ್ಶನಗಳಲ್ಲಿ ಅವರೇ ನೆನೆದಿದ್ದುಂಟು. ಯಾರಿಗೂ ಮಣಿಯದ ಮುಖ್ಯಮಂತ್ರಿ ಅಂತ ನಾವು ಕಂಡ ಹೆಂಗಸು! ಅವರ ಶಾಲೆಯ ನೆನಪುಗಳಲ್ಲಿ ಇದೂ ಒಂದು.

ಮೆಟ್ರಿಕ್ ಮುಗಿಯಿತು, 1964. ಮುಂದೆ ಓದುವ ಆಸೆ ಬೆಟ್ಟದಷ್ಟು. ಅಷ್ಟರಲ್ಲಿ ನಮ್ಮ ಬಿ.ಆರ್. ಪಂತುಲು ಹುಡುಗಿಯನ್ನು ನೋಡಿದರು. ತಮ್ಮ ಕನ್ನಡ ಚಿತ್ರ ‘ಚಿನ್ನದ ಗೊಂಬೆ’ಗೆ ಬೇಕು ಅಂದರು. ಬೇಸಿಗೆ ರಜದಲ್ಲಿ ಮುಗಿಸಿಬಿಡ್ತೀವಿ, ಓದಿಗೆ ಅಡ್ಡಿ ಇಲ್ಲ ಎಂಬ ಮಾತಿನ ಮೇಲೆ ಅಮ್ಮ ಒಪ್ಪಿದರು. ಹುಡುಗಿಯೂ ರಜದ ಆಟ ಅಂತಲೇ ಒಪ್ಪಿದ್ದು. ‘ಚಿನ್ನದ ಗೊಂಬೆ’ ಗೆದ್ದಿತು. ಹಿಂದೆಯೇ ಶ್ರೀಧರ್ ಅವರ ತಮಿಳು ಚಿತ್ರ. ಮನೆಯ ಹಣಕಾಸು ಕೈಕೊಟ್ಟ ಕಾಲ. ಸ್ಟೆಲ್ಲಾ ಮಾರಿಸ್ ಕಾಲೇಜಿನಲ್ಲಿ (ಅದೂ ಸಿಸ್ಟರುಗಳದ್ದೇ) ಸೀಟು ಸಿಕ್ಕಿತ್ತು. ಕಾಲೇಜಿನ ಮೆಟ್ಟಿಲು ಹತ್ತಿದ್ದು ಹೆಸರಿಗಷ್ಟೇ. ಹದಿನಾರು ವರ್ಷದ ಹುಡುಗಿ ಪುಸ್ತಕ ಮುಚ್ಚಿ ಮೇಕಪ್ ಕುರ್ಚಿಯಲ್ಲಿ ಕೂತಳು.

ತಮಾಷೆ ಕೇಳಿ. ಶ್ರೀಧರ್ ಅವರ ಆ ‘ವೆಣ್ಣಿರ ಆಡೈ’ (1965) ಚಿತ್ರಕ್ಕೆ ಸೆನ್ಸಾರಿನವರು ‘ಎ’ ಸರ್ಟಿಫಿಕೇಟು ಒತ್ತಿದರು. ಹದಿನೆಂಟು ತುಂಬಿರದ ನಾಯಕಿಗೆ ತನ್ನ ಚಿತ್ರವನ್ನು ಥಿಯೇಟರಿನಲ್ಲಿ ತಾನೇ ನೋಡುವ ಹಾಗಿಲ್ಲ! ಪೋಸ್ಟರ್ ಮೇಲೆ ಇರಬಹುದು, ಬಾಲ್ಕನಿಯಲ್ಲಿ ಇರಬಾರದು!

ನಮ್ಮ ಕನ್ನಡಕ್ಕೆ ಆಮೇಲೂ ಬಂದರು. ‘ಮನೆ ಅಳಿಯ’, ‘ನನ್ನ ಕರ್ತವ್ಯ’, ‘ಮಾವನ ಮಗಳು’, ‘ಬದುಕುವ ದಾರಿ’... ಆಮೇಲೆ ತಮಿಳೇ ಎಳೆದುಕೊಂಡಿತು. ಸೆಟ್ಟಿನಲ್ಲಿ ಶಾಟ್ ಮುಗಿದರೆ ಹರಟೆಗೆ ಕೂರುವವರಲ್ಲ, ಇಂಗ್ಲಿಷ್ ಕಾದಂಬರಿ ಬಿಡಿಸಿಕೊಂಡು ಮೂಲೆ ಹಿಡಿಯುತ್ತಿದ್ದರು. ಅಹಂಕಾರ ಅಂತ ಆಡಿಕೊಂಡವರಿದ್ದರು. ನನಗೆ ಹಾಗನಿಸುವುದಿಲ್ಲ. ಅರ್ಧಕ್ಕೆ ಬಿಟ್ಟ ಕ್ಲಾಸನ್ನು ಆ ಹುಡುಗಿ ಸೆಟ್ಟಿನ ಮೂಲೆಯಲ್ಲಿ ಮುಗಿಸುತ್ತಿದ್ದಳು ಅನಿಸುತ್ತದೆ. 1991ರಲ್ಲಿ ಮುಖ್ಯಮಂತ್ರಿಯಾದ ವರ್ಷ ಮದ್ರಾಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ರಾಜಕೀಯದಲ್ಲಿ ಅವರು ಮಾಡಿದ್ದು ಸರಿಯೋ ತಪ್ಪೋ, ಆ ಚರ್ಚೆ ಬೇರೆ ಪತ್ರಿಕೆಗೆ ಇರಲಿ. ಕಾವೇರಿ ವಿಷಯದಲ್ಲಿ ನಮಗೂ ಅವರಿಗೂ ಇದ್ದ ಲೆಕ್ಕ ಎಲ್ಲರಿಗೂ ಗೊತ್ತು. 2016ರ ಡಿಸೆಂಬರ್ 5ರಂದು ತೀರಿಕೊಂಡರು.

ಡಾಕ್ಟರೇಟ್ ಅಂದಾಗ ನಮ್ಮ ಅಣ್ಣಾವ್ರ ನೆನಪಾಗದೆ ಇರುತ್ತದೆಯೇ? ಪ್ರಾಥಮಿಕ ಶಾಲೆಯನ್ನೂ ಮುಗಿಸದ ಗಾಜನೂರಿನ ಮುತ್ತುರಾಜನಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ಅವರಿಗೆ ಕಾನ್ವೆಂಟಿಲ್ಲ, ಟೈ ಇಲ್ಲ, ಗುಬ್ಬಿ ಕಂಪನಿಯೇ ವಿಶ್ವವಿದ್ಯಾಲಯ!

ಒಂದು ಪದಕ್ಕೆ ಇಷ್ಟು ದಂಡ!

ಈಗ ತಾರೆಯರನ್ನು ಸ್ವಲ್ಪ ಬದಿಗಿಡೋಣ. ಫಾದರುಗಳ ಶಾಲೆಯಲ್ಲಿ ಓದಿದವರೆಲ್ಲ ತಾರೆಯರಾಗಲಿಲ್ಲ, ಆಗುವುದೂ ಸಾಧ್ಯವಿಲ್ಲ. ನಮ್ಮ ಕಡೆಯೇ ಒಬ್ಬರಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಆದ್ದರಿಂದ ಯಜಮಾನರು ಅಂತಲೇ ಕರೆಯುತ್ತೇನೆ. ಎಪ್ಪತ್ತೈದರ ಆಸುಪಾಸು, ಒಂದಿಷ್ಟು ಅಡಿಕೆ ತೋಟ, ಬಾಯಲ್ಲಿ ಸದಾ ಎಲೆ. ಚಿಕ್ಕಂದಿನಲ್ಲಿ ಅವರ ತಂದೆ ‘ನಾಲ್ಕು ಅಕ್ಷರ ಇಂಗ್ಲಿಷ್ ಬರಲಿ’ ಅಂತ ದೂರದ ಒಂದು ಫಾದರುಗಳ ಬೋರ್ಡಿಂಗ್ ಶಾಲೆಗೆ ಹಾಕಿದ್ದರು.

ಅಡಿಕೆ ಒಣಗಲು ಹಾಕಿದ ಅಂಗಳದಲ್ಲಿ ಕೂತು ಕೇಳಿದೆ. “ಯಜಮಾನ್ರೇ, ಆ ಶಾಲೆ ಅಂದ್ರೆ ಮೊದ್ಲು ಏನು ನೆನಪಾಗ್ತದೆ?”

“ಗಂಟೆ ಮಾರಾಯ, ಗಂಟೆ! ಏಳಕ್ಕೆ ಗಂಟೆ, ಸ್ನಾನಕ್ಕೆ ಗಂಟೆ, ತಿನ್ನಕ್ಕೆ ಗಂಟೆ. ಇವತ್ತಿಗೂ ನಾನು ಐದಕ್ಕೆ ಏಳೋದು ನಿಮ್ಮತ್ತೆಗೆ ಹೆದರಿ ಅಲ್ಲ, ಆ ಗಂಟೆಗೆ ಹೆದರಿ.”

ಒಳಗಿನಿಂದ ಅತ್ತೆ ನಕ್ಕ ಸದ್ದು.

“ಕನ್ನಡ ಮಾತಾಡಿದ್ರೆ ದಂಡ ಹಾಕ್ತಿದ್ರಂತೆ, ಹೌದಾ?”

“ಹಾಕ್ತಿದ್ರು. ಒಂದು ಮರದ ತುಂಡು. ಕನ್ನಡ ಮಾತಾಡಿದವನ ಕೈಗೆ ಅದು. ಅವನು ಇನ್ನೊಬ್ಬನನ್ನು ಹಿಡೀಬೇಕು, ಅವನ ಕೈಗೆ ದಾಟಿಸ್ಬೇಕು. ಸಂಜೆ ಯಾರ ಹತ್ರ ಇರ್ತದೋ ಅವನಿಗೆ ದಂಡ. ನಂಗೆ ಕೊಡೋಕೆ ಕಾಸೆಲ್ಲಿ? ಸಂಜೆ ಆಟದ ಹೊತ್ತಲ್ಲಿ ಹೂವಿನ ಗಿಡಕ್ಕೆ ನೀರು ಹೊತ್ತೆ. ಆ ವರ್ಷ ಗುಲಾಬಿ ಭಾರೀ ಚೆನ್ನಾಗಿ ಬಂದ್ವು ತಮ್ಮಾ!”

ಈ ಮರದ ತುಂಡಿನ ಕಥೆಯನ್ನು ಬೇರೆ ಬೇರೆ ಕಡೆ ಓದಿದವರ ಬಾಯಿಂದಲೂ ಕೇಳಿದ್ದೇನೆ. ಕನ್ನಡದ ನೆಲದಲ್ಲಿ ಕನ್ನಡಕ್ಕೆ ದಂಡ! 1982ರಲ್ಲಿ ಗೋಕಾಕ್ ಚಳವಳಿಗೆ ಅಣ್ಣಾವ್ರು ಬೀದಿಗಿಳಿದಾಗ ಜನಸಾಗರ ಯಾಕೆ ಹಿಂದೆ ಬಂತು ಎಂಬುದಕ್ಕೆ ಇಂಥ ಎಷ್ಟೋ ಅಂಗಳದ ನೆನಪುಗಳೂ ಕಾರಣ ಅಂತ ನನ್ನ ನಂಬಿಕೆ. ಆದರೆ ಯಜಮಾನರಿಗೆ ಸಿಟ್ಟು ಇದ್ದ ಹಾಗೆ ಕಾಣಲಿಲ್ಲ. ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕಿದ ಒಬ್ಬ ಮುದುಕ ಫಾದರನ್ನು ನೆನೆದಾಗ ಧ್ವನಿ ಮೆತ್ತಗಾಯಿತು. “ಎರಡೂ ನಿಜಾನೇ ಮಾರಾಯ. ಒಂದೇ ಬರ್ದು ಇನ್ನೊಂದು ಬಿಡ್ಬೇಡ” ಅಂದರು. ಬಿಡಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿರುವಾಗ, 1964ರಲ್ಲಿ, ತಂದೆ ತೀರಿಕೊಂಡರು. ಫೀಸು ನಿಂತಿತು. ಟ್ರಂಕು ಹೊತ್ತು ವಾಪಸ್ ಬಂದರು. ಅದೇ ವರ್ಷ ಟೆಂಟಿನಲ್ಲಿ ‘ಚಿನ್ನದ ಗೊಂಬೆ’ ನೋಡಿದ್ದು. ತೆರೆಯ ಮೇಲಿದ್ದ ಹುಡುಗಿಯೂ ಅದೇ ವರ್ಷ ಸಿಸ್ಟರುಗಳ ಶಾಲೆಯಿಂದ ಹೊರಬಂದವಳು ಅಂತ ನಾನು ಹೇಳಿದಾಗ ಯಜಮಾನರು ಎಲೆ ಅಗಿಯುವುದನ್ನು ನಿಲ್ಲಿಸಿದರು. “ಹೌದಾ? ಅವ್ಳೂ ಬಿಟ್ಲಾ?” ಅಂದರು.

ಮೇಲಿನ ಬೆಂಚು, ಕೆಳಗಿನ ಬೆಂಚು

ನಾವು ಹೊರಗಿನಿಂದ ನೋಡಿ ‘ಅವರೆಲ್ಲ ಒಂದೇ’ ಅಂದುಕೊಳ್ಳುತ್ತೇವೆ. ಒಳಗೂ ಮೇಲು ಕೀಳು ಇತ್ತು ಸ್ವಾಮಿ! ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯನ್ನೇ ತೆಗೆದುಕೊಳ್ಳಿ. 1858ರಲ್ಲಿ ಫ್ರೆಂಚ್ ಪಾದ್ರಿಗಳು ಹಾಕಿದ ಬುನಾದಿ, 1937ರಲ್ಲಿ ಜೆಸ್ವಿಟ್ ಪಾದ್ರಿಗಳ ಕೈಗೆ ಬಂತು. ಬ್ರಿಟಿಷರ ಕಾಲದಲ್ಲಿ ಅಲ್ಲಿ ಯೂರೋಪಿಯನ್ ವಿಭಾಗವೇ ಬೇರೆ, ಇಂಡಿಯನ್ ವಿಭಾಗವೇ ಬೇರೆ. ಅದಕ್ಕೇ ಇವತ್ತಿಗೂ ಒಂದರ ಹೆಸರಿನಲ್ಲಿ ‘ಇಂಡಿಯನ್ ಹೈಸ್ಕೂಲ್’ ಎಂಬ ಮಾತು ಉಳಿದುಕೊಂಡಿದೆ. ಯೂರೋಪಿಯನ್ನರಿಗೆ ಅಂತ ಇದ್ದ ಕಡೆಯ ಬಾಯ್ಸ್ ಹೈಸ್ಕೂಲಿನಿಂದ ಮುಂದೆ ಬಂದವರಲ್ಲಿ ನಮ್ಮ ರಾಹುಲ್ ದ್ರಾವಿಡ್ ಒಬ್ಬರು. ಇಂಡಿಯನ್ ಹೈಸ್ಕೂಲಿನಿಂದ ಬಂದವರು... ಊಹಿಸಿ ನೋಡೋಣ?

ಪ್ರಕಾಶ್ ರೈ! ತಮಿಳು, ತೆಲುಗಿನವರಿಗೆ ಪ್ರಕಾಶ್ ರಾಜ್.

1965ರ ಮಾರ್ಚ್ 26ರಂದು ಬೆಂಗಳೂರಿನಲ್ಲಿ ಜನನ. ತಂದೆ ತುಳು ಮಾತಿನ ಮಂಜುನಾಥ ರೈ, ತಾಯಿ ಕ್ರೈಸ್ತರಾದ ಸ್ವರ್ಣಲತಾ. ಮನೆಯಲ್ಲೇ ಎರಡು ಧರ್ಮ, ಎರಡು ಭಾಷೆ. ಶಾಲೆ ಮುಗಿಸಿ ಸೇಂಟ್ ಜೋಸೆಫ್ ಕಾಮರ್ಸ್ ಕಾಲೇಜು ಸೇರಿದರು. ಆದರೆ ಜಮಾ ಖರ್ಚಿನ ಪುಸ್ತಕಕ್ಕಿಂತ ಕಲಾಕ್ಷೇತ್ರದ ಮೆಟ್ಟಿಲು ಹೆಚ್ಚು ಎಳೆಯಿತು. ತಿಂಗಳಿಗೆ ಮುನ್ನೂರು ರೂಪಾಯಿಗೆ ನಾಟಕ! ಬೀದಿ ನಾಟಕಗಳ ಪ್ರದರ್ಶನವೇ ಎರಡು ಸಾವಿರ ಎಂಬ ಲೆಕ್ಕವಿದೆ. 1992ರ ‘ಹರಕೆಯ ಕುರಿ’ಯಲ್ಲಿ ವಿಷ್ಣುವರ್ಧನ್ ಎದುರು ನಿಂತಾಗ ‘ಯಾರಪ್ಪಾ ಇವನು’ ಅಂತ ಗಾಂಧಿನಗರ ತಿರುಗಿ ನೋಡಿತು. ನಟಿ ಗೀತಾ ಅವರು ಕೆ. ಬಾಲಚಂದರ್ ಬಳಿಗೆ ದಾರಿ ತೋರಿಸಿದರು. 1994ರ ‘ಡ್ಯುಯೆಟ್’ ಆದ ಮೇಲೆ ಹಿಂದಿರುಗಿ ನೋಡಲಿಲ್ಲ. ‘ಕಾಂಚೀವರಂ’ಗೆ ರಾಷ್ಟ್ರದ ಅತ್ಯುತ್ತಮ ನಟ.

1997ರಲ್ಲಿ ಮಣಿರತ್ನಂ ‘ಇರುವರ್’ ತೆಗೆದರು. ಕರುಣಾನಿಧಿ ಅವರನ್ನು ನೆನಪಿಸುವ ಪಾತ್ರ ನಮ್ಮ ಪ್ರಕಾಶ್ ರೈ ಅವರದು. ಜಯಲಲಿತಾ ಅವರನ್ನು ನೆನಪಿಸುವ ಪಾತ್ರ ಮಂಗಳೂರು ಮೂಲದ ಐಶ್ವರ್ಯಾ ರೈ ಅವರದು. ಸೇಂಟ್ ಜೋಸೆಫ್ ಹುಡುಗ ಒಂದು ಕಡೆ, ಚರ್ಚ್ ಪಾರ್ಕ್ ಹುಡುಗಿಯ ನೆರಳು ಇನ್ನೊಂದು ಕಡೆ. ತಮಿಳುನಾಡಿನ ಕಥೆ ಹೇಳಲು ಕರ್ನಾಟಕದಿಂದಲೇ ಇಬ್ಬರು ಬೇಕಾದರು ನೋಡಿ!

ಚಾವಣಿಯ ಮೇಲಿನ ಸಿನಿಮಾ

ಮಂಗಳೂರಿಗೆ ಹೋದವರು ಪಿಲಿಕುಳ, ಪಣಂಬೂರು ನೋಡಿ ವಾಪಸ್ ಬರುತ್ತೀರಿ. ಮುಂದಿನ ಸಲ ಸೇಂಟ್ ಅಲೋಷಿಯಸ್ ಕಾಲೇಜಿನ ಚಾಪೆಲ್ ಒಳಗೆ ಹೋಗಿ ತಲೆ ಎತ್ತಿ ನೋಡಿ. 1880ರಲ್ಲಿ ಜೆಸ್ವಿಟ್ ಪಾದ್ರಿಗಳು ಶುರುಮಾಡಿದ ಸಂಸ್ಥೆ. ಆ ಶತಮಾನ ಮುಗಿಯುವ ಹೊತ್ತಿಗೆ ಇಟಲಿಯಿಂದ ಬಂದ ಬ್ರದರ್ ಅಂತೋನಿಯೋ ಮೊಸ್ಕೇನಿ ಗೋಡೆ, ಚಾವಣಿ ತುಂಬ ಚಿತ್ರ ಬರೆದರು. ರಾಜಕುಮಾರನಂತೆ ಬೆಳೆದ ಅಲೋಷಿಯಸ್ ಎಲ್ಲ ಸಿರಿಯನ್ನು ತೊರೆದು ಸಂತನಾದ ಕಥೆ, ಒಂದಾದ ಮೇಲೊಂದು ದೃಶ್ಯ. ಸಿನಿಮಾ ನಮ್ಮ ಕಡೆ ಇನ್ನೂ ಕಾಲಿಡದ ಕಾಲದಲ್ಲಿ ಆ ಶಾಲೆಯ ಹುಡುಗರಿಗೆ ಅದೇ ಈಸ್ಟ್‌ಮನ್ ಕಲರ್!

ನಮ್ಮ ಅಮೃತಾಪುರದವರು ಇದನ್ನು ನೋಡಿ ಬೆರಗಾಗಬೇಕಾಗಿಲ್ಲ ಬಿಡಿ. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತ ಕಟ್ಟಿಸಿದ ಗುಡಿಯ ಹೊರಗೋಡೆಯಲ್ಲಿ ರಾಮಾಯಣವೇ ಎಪ್ಪತ್ತು ಫಲಕ, ಮಹಾಭಾರತ ನಲವತ್ತೈದು, ಕೃಷ್ಣನ ಲೀಲೆ ಇಪ್ಪತ್ತೈದು. ಒಟ್ಟು ನೂರ ನಲವತ್ತು ‘ಶಾಟ್’! ಶಾಸನದ ಕಲ್ಲಿನ ಮೇಲೆ ಕವಿ ಜನ್ನನ ಪದ್ಯ. ಸಾಹಿತ್ಯ ಜನ್ನ, ಕಲೆ ಮಲ್ಲಿತಮ್ಮ ಅಂತ ಟೈಟಲ್ ಕಾರ್ಡು ಹಾಕಬಹುದು!

ಇರಲಿ, ಅಲೋಷಿಯಸ್‌ಗೆ ಬರೋಣ. ಅದರ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದ ಒಬ್ಬ ಬಿಜೈ ಹುಡುಗ, 1930ರ ಜೂನ್ 3ರಂದು ಹುಟ್ಟಿದವನು, ಪಾದ್ರಿಯಾಗಲಿ ಅಂತ ಮನೆಯವರು 1946ರಲ್ಲಿ ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿಗೆ ಕಳಿಸಿದರು. ಎರಡೂವರೆ ವರ್ಷ ನೋಡಿದ. ಮೇಲಿನವರು ಎತ್ತರದ ಮೇಜಿನಲ್ಲಿ ಕೂತು ಒಳ್ಳೆಯ ಊಟ ಮಾಡುವುದು, ಕಲಿಯುವ ಹುಡುಗರಿಗೆ ಬೇರೆ ಊಟ. ಉಪದೇಶಕ್ಕೂ ಊಟದ ಮೇಜಿಗೂ ತಾಳೆ ಬೀಳಲಿಲ್ಲ. ಎದ್ದು ಬಂದುಬಿಟ್ಟ! ಮುಂಬಯಿಗೆ ಹೋಗಿ ಚೌಪಾಟಿಯ ಬೆಂಚಿನ ಮೇಲೆ ಮಲಗಿದ. ಒಂದು ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. (ಬಿಡಿ ಲೇಖನ ಬರೆದು ಹೊಟ್ಟೆ ಹೊರೆಯುವ ನನಗೆ ಈ ಸಾಲು ಬರೆಯುವಾಗ ಸ್ವಲ್ಪ ಧೈರ್ಯ ಬಂತು.) ಆ ಹುಡುಗನೇ ಜಾರ್ಜ್ ಫರ್ನಾಂಡಿಸ್. 1974ರಲ್ಲಿ ದೇಶದ ರೈಲುಗಳನ್ನೇ ನಿಲ್ಲಿಸಿದವರು. ಮುಂದೆ ರೈಲ್ವೆ ಮಂತ್ರಿಯಾಗಿ ಕೊಂಕಣ ರೈಲ್ವೆಗೆ ಬೆನ್ನಾಗಿ ನ���ಂತವರೂ ಅವರೇ.

ಸಿನಿಮಾ ಪತ್ರಿಕೆಯಲ್ಲಿ ಜಾರ್ಜ್ ಯಾಕೆ ಅಂತೀರಾ? ಹೇಳುತ್ತೇನೆ. ‘ಸಂಸ್ಕಾರ’ (1970) ನೋಡಿದ್ದೀರಲ್ಲ? ನಮ್ಮದೇ ಜಿಲ್ಲೆಯ ಶೃಂಗೇರಿ ಬಳಿಯ ವೈಕುಂಠಪುರದಲ್ಲಿ ಚಿತ್ರಣವಾದ ಚಿತ್ರ. ಕನ್ನಡಕ್ಕೆ ಮೊದಲ ಸ್ವರ್ಣ ಕಮಲ. ಅದರಲ್ಲಿ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ, ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಅವರ ಪತ್ನಿ, ಜಾರ್ಜ್ ಅವರ ಆಪ್ತ ಬಳಗದವರು. ತುರ್ತುಪರಿಸ್ಥಿತಿಯಲ್ಲಿ ಜಾರ್ಜ್ ಭೂಗತರಾದಾಗ ಪೊಲೀಸರು 1976ರ ಮೇ ತಿಂಗಳಲ್ಲಿ ಸ್ನೇಹಲತಾ ಅವರನ್ನು ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿಗೆ ಹಾಕಿದರು. ಆಕೆಗೆ ಆಸ್ತಮಾ. ಎಂಟು ತಿಂಗಳು ಆ ಜೈಲಿನಲ್ಲಿ ಉಸಿರಿಗಾಗಿ ಒದ್ದಾಡಿದರು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ಐದೇ ದಿನ! ಆ ಜೈಲಿದ್ದ ಜಾಗ ಈಗ ಫ್ರೀಡಂ ಪಾರ್ಕು. ಮೆಜೆಸ್ಟಿಕ್‌ಗೆ ಪಿಕ್ಚರ್ ನೋಡಲು ಹೋಗುವ ನಮ್ಮ ಹುಡುಗರು ಅದರ ಮುಂದೆಯೇ ಓಡಾಡುತ್ತಾರೆ. ಚಂದ್ರಿ ಅಲ್ಲಿದ್ದಳು ಅಂತ ಎಷ್ಟು ಮಂದಿಗೆ ಗೊತ್ತು?

ಇತ್ತೀಚಿನ ಒಬ್ಬರು

ಈಗಿನ ಕಾಲಕ್ಕೆ ಬಂದರೆ ದೀಪಿಕಾ ಪಡುಕೋಣೆ. ಸೋಫಿಯಾ ಹೈಸ್ಕೂಲು, ಆಮೇಲೆ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಪಿಯುಸಿ. ಎರಡೂ ಬೆಂಗಳೂರಿನ ಕ್ಯಾಥೊಲಿಕ್ ಸಿಸ್ಟರುಗಳ ಸಂಸ್ಥೆಗಳು. ಮುಂದೆ ಅಂಚೆ ಮೂಲಕ ಬಿ.ಎ. ಅಂತ ಹೆಸರು ಹಚ್ಚಿಸಿದರು, ಮಾಡೆಲಿಂಗ್ ಗಡಿಬಿಡಿಯಲ್ಲಿ ಅದನ್ನೂ ಬಿಟ್ಟರು. ನೋಡಿ, ಮತ್ತೆ ಅದೇ ಕಥೆ! ಮೊದಲ ಚಿತ್ರ ಹಿಂದಿಯದಲ್ಲ, ನಮ್ಮ ಕನ್ನಡದ ‘ಐಶ್ವರ್ಯ’ (2006), ಉಪೇಂದ್ರ ಜೊತೆ. ಮನಸ್ಸಿನ ಖಿನ್ನತೆಯ ಬಗ್ಗೆ 2015ರಲ್ಲಿ ಬಾಯಿಬಿಟ್ಟು ಹೇಳಿದರು. ಅವರ ಸಂಸ್ಥೆ ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆಯವರಿಗಾಗಿ ಕೆಲಸ ಶುರುಮಾಡಿದ್ದು 2016ರಲ್ಲಿ ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯಲ್ಲಿ. ಮುಂಬಯಿ ಸೇರಿದ ತಾರೆ ಈ ಕಡೆ ತಿರುಗಿ ನೋಡಿದ್ದಕ್ಕೆ ನನ್ನ ಒಂದು ಶಿಳ್ಳೆ.

ಕೊನೆಗೆ ಯಜಮಾನರ ಮಾತು ಒಂದು ಬಾಕಿ ಇದೆ. ಎದ್ದು ಹೊರಡುವಾಗ ಕೇಳಿದೆ. “ಯಜಮಾನ್ರೇ, ಶಾಲೇಲಿ ನಾಟಕ ಗೀಟಕ ಏನಾದ್ರೂ ಮಾಡಿದ್ರಾ?”

ಮುಖ ಅರಳಿತು. ಕ್ರಿಸ್‌ಮಸ್ ನಾಟಕದಲ್ಲಿ ಮೂವರು ರಾಜರಲ್ಲಿ ಒಬ್ಬರಂತೆ. ಬೇರೆ ಹುಡುಗರಿಗೆ ನಾಚಿಕೆ, ಇವರು ಎತ್ತರ ಇದ್ದರು, ಫಾದರ್ ಹಿಡಿದು ನಿಲ್ಲಿಸಿದರು. ಹಣೆಯಲ್ಲಿ ವಿಭೂತಿ ಇದ್ದ ಹುಡುಗನಿಗೆ ತಲೆಗೆ ಜರಿ ಕಾಗದದ ಕಿರೀಟ, ಮೈಗೆ ಚರ್ಚಿನ ಕಿಟಕಿಯ ಕೆಂಪು ಪರದೆ. ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಮಾತು, ‘ನಾನು ಬಂಗಾರ ತಂದಿದ್ದೇನೆ’ ಅಂತ. ಅಷ್ಟನ್ನು ಒಂದು ತಿಂಗಳು ಬಾಯಿಪಾಠ ಮಾಡಿದ್ದರಂತೆ.

“ಈಗ ಹೇಳಿ ನೋಡೋಣ?”

ಯಜಮಾನರು ಎಲೆ ಉಗುಳಿ ಬಾಯಿ ಮುಕ್ಕಳಿಸಿ ಬಂದರು. ಹೆಗಲ ಮೇಲಿನ ಟವೆಲ್ಲನ್ನು ಕೊಡವಿ ಬೆನ್ನ ಮೇಲೆ ಇಳಿಬಿಟ್ಟರು. ಒಣಗಲು ಹಾಕಿದ ಅಡಿಕೆಯ ಪಕ್ಕದಲ್ಲಿ ಒಂದು ಮಂಡಿಯೂರಿ, ಎರಡೂ ಕೈ ಮುಂದೆ ಚಾಚಿ, ಅರುವತ್ತು ವರ್ಷದ ಹಿಂದಿನ ಆ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

“ಹೆಂಗಿತ್ತು ಮಾರಾಯ?” ಅಂತ ಕೇಳಿದರು, ಎದ್ದು ನಿಲ್ಲಲು ನನ್ನ ಕೈ ಹಿಡಿಯುತ್ತಾ.